ಕೊಪ್ಪರಿಗೆ ತೊಳೆದವರು

ಹುಚ್ಚಮ್ಮನಿಗೆ ಆ ಹೆಸರಿಟ್ಟದ್ದು ಕುಂಸಿಯ ಅವಳ ಅಜ್ಜಿ. ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಇವಳ ಮೇಲೆ ಯಾರ ಕಣ್ಣೂ ಬೀಳದಿರಲಿ ಎಂದು ಹುಡುಕಿ ಇಟ್ಟ ಹೆಸರು ಅದು. ಕೂಸು ಉಳಿಯಿತು, ಬೆಳೆಯಿತು, ಶಿವಮೊಗ್ಗದ ಹೊಸಮನೆಯ ಭೈರಪ್ಪನನ್ನು ಮದುವೆಯಾಗಿ ಮೂವತ್ತೆಂಟರ ಗೃಹಿಣಿಯಾಯಿತು. ಅಷ್ಟರಲ್ಲಿ ಆ ಹೆಸರು ಕೇಳಿ ನಗುವವರು ಯಾರೂ ಇರಲಿಲ್ಲ. ನೆಂಟರಿಷ್ಟರ ಪೈಕಿ ಅಷ್ಟು ಕರಾರುವಾಕ್ಕಾದ ಹೆಂಗಸು ಇನ್ನೊಬ್ಬಳಿರಲಿಲ್ಲ. ಮದುವೆ, ಸೀಮಂತ, ನಾಮಕರಣ ಏನೇ ಇರಲಿ, ಅಡಿಗೆಗೆ ಅವಳಿಗೇ ಹೇಳಿಕಳಿಸುತ್ತಿದ್ದರು.

ಅವಳ ಅಡಿಗೆಗೆ ಕಟ್ಟಳೆಗಳಿದ್ದವು. ಐದು ಎಲೆಗೆ ಒಂದು ಸೇರು ಅಕ್ಕಿ. ನೀರು ಮರಳದೆ ಅಕ್ಕಿ ಬೀಳಬಾರದು. ಉಪ್ಪು ಹಾಕಿದವರು ಬಾಯಿ ಬಿಟ್ಟು ‘ಉಪ್ಪು ಹಾಕಿದೆ’ ಎಂದು ಹೇಳಬೇಕು, ಇಲ್ಲದಿದ್ದರೆ ಹಿಂದೆ ಬಂದವರು ಮತ್ತೊಮ್ಮೆ ಹಾಕುತ್ತಾರೆ. ಸಮಾರಂಭದ ಹಿಂದಿನ ದಿನವೇ ಹೋಗಿ ಒಲೆ, ಸೌದೆ, ಪಾತ್ರೆ ನೋಡಿಕೊಳ್ಳಬೇಕು. ಮತ್ತು, ದೊಡ್ಡಡಿಗೆಯ ಸಟ್ಟುಗ ದೊಡ್ಡಡಿಗೆಗೆ ಮಾತ್ರ. ಹಲಸಿನ ಮರದಲ್ಲಿ ಮಾಡಿಸಿದ ಮೂರೂವರೆ ಅಡಿ ಉದ್ದದ ಸಟ್ಟುಗ ಅದು. ಅಡಿಗೆಮನೆಯ ಗೋಡೆಯಲ್ಲಿ ಎರಡು ಗೂಟಗಳ ಮೇಲೆ ಅಡ್ಡಲಾಗಿ ಮಲಗಿರುತ್ತಿತ್ತು. ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಆ ಕೊನೆಯ ಕಟ್ಟಳೆಯನ್ನು ಮುರಿದದ್ದು ಅವಳೇ. ಭೈರಪ್ಪ ವರ್ಷವೂ ಚೇಣಿ ಹಿಡಿಯುತ್ತಿದ್ದ; ಎಂದರೆ, ಬೇರೆಯವರ ತೋಟದ ಅಡಿಕೆಯನ್ನು ಮರದ ಮೇಲಿರುವಾಗಲೇ ಕೊಂಡು, ಗೊನೆ ಇಳಿಸಿ, ಮನೆಯ ಹಿತ್ತಲಿನಲ್ಲಿ ಸುಲಿಸಿ ಬೇಯಿಸಿ ಒಣಗಿಸುತ್ತಿದ್ದ. ಅಡಿಕೆ ಬೇಯಿಸಿದ ಕೆಂಪು ನೀರನ್ನು ಚೆಲ್ಲುವುದಿಲ್ಲ. ಅದರಲ್ಲೇ ಮತ್ತೆ ಮತ್ತೆ ಬೇಯಿಸಿ, ಗಟ್ಟಿಯಾದ ಮೇಲೆ ಅಡಿಕೆಗೆ ಬಣ್ಣ ಕೊಡಲು ಇಟ್ಟುಕೊಳ್ಳುತ್ತಾರೆ. ಚೊಗರು ಎನ್ನುವುದು ಅದಕ್ಕೆ. ೧೯೪೩ರ ದೀಪಾವಳಿ ಕಳೆದ ಎರಡನೇ ವಾರ, ಹಿತ್ತಲಿನ ತಾಮ್ರದ ಹಂಡೆಯಲ್ಲಿ ಚೊಗರು ಕುದಿಯುತ್ತಿರುವಾಗಲೇ ಅದನ್ನು ತಿರುವುವ ಸಟ್ಟುಗ ಸೀಳಿಹೋಯಿತು.

“ಗೋಡೆ ಮೇಲಿಂದು ಕೊಡು ಮಾರಾಯ್ತಿ,” ಎಂದ ಭೈರಪ್ಪ. “ಎಂಟು ದಿನದ ಮಾತು. ಆಚಾರಿಗೆ ಹೇಳಿದೀನಿ.”

“ಅದನ್ನ ಯಾವುದಕ್ಕೂ ಕೊಡಲ್ಲ ಅಂತ ನಿಮಗೇ ಗೊತ್ತಲ್ಲ.”

“ಸುಲಿದ ಅಡಿಕೆ ನಿನ್ನ ಕಟ್ಟಳೆ ಕೇಳ್ಕೊಂಡು ಕಾಯುತ್ತಾ? ನಾಳೆ ಹೊತ್ತಿಗೆ ಬೂಸಲು ಹಿಡಿಯುತ್ತೆ.”

ಕೊಟ್ಟಳು. ಆಚಾರಿಯ ಎಂಟು ದಿನ ನಲವತ್ತು ದಿನವಾಯಿತು. ಸಟ್ಟುಗ ಹಿಂದಕ್ಕೆ ಬಂದಾಗ ಅರ್ಧದವರೆಗೆ ದಟ್ಟ ಕೆಂಪಾಗಿತ್ತು. ಬೂದಿ ಹಾಕಿ ಉಜ್ಜಿದಳು, ಸೀಗೆಪುಡಿ ಹಾಕಿ ಉಜ್ಜಿದಳು, ನಾಲ್ಕು ದಿನ ಬಿಸಿಲಿಗಿಟ್ಟಳು. ಮರದ ಕೆಂಪು ಹೋಗದಿದ್ದರೂ, ತೊಳೆದ ನೀರು ತಿಳಿಯಾಗುವವರೆಗೂ ತೊಳೆದು ಮತ್ತೆ ಗೂಟದ ಮೇಲೆ ಮಲಗಿಸಿದಳು. ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯವೂ ಅಲ್ಲ ಎಂದುಕೊಂಡಳು.

ಮುಂದಿನ ಫೆಬ್ರವರಿಯಲ್ಲಿ ಅವಳ ತಮ್ಮ ಕೃಷ್ಣಪ್ಪನ ಮಗನ ನಾಮಕರಣ ಬಂತು. ಕೃಷ್ಣಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸಗಾರರ ಲೈನಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ, ಅವನದು ಮೂರನೆಯದು. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಮಗು. ಯುದ್ಧದ ಕಾಲ, ಅಕ್ಕಿ ಕಾರ್ಡಿನ ಮೇಲೆ ಅಳೆದು ಕೊಡುತ್ತಿದ್ದರು. ಏಳು ಮನೆಯವರು ತಮ್ಮ ಪಾಲಿನಿಂದ ಉಳಿಸಿ ಉಳಿಸಿ ಕೊಟ್ಟು ಹನ್ನೆರಡು ಸೇರು ಕೂಡಿತ್ತು. ಅರವತ್ತು ಎಲೆಗೆ ಸರಿಯಾಗಿ ಹನ್ನೆರಡು ಸೇರು.

ಸಮಾರಂಭದ ಹಿಂದಿನ ದಿನ ಹುಚ್ಚಮ್ಮ ಬೆಳಿಗ್ಗೆ ಏಳಕ್ಕೆ ಸಟ್ಟುಗ ಹಿಡಿದು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ನಿಂತಳು. ಬಸ್ಸು ಬರಲಿಲ್ಲ. ಒಂಬತ್ತಕ್ಕೆ ‘ಈಗ ಬರುತ್ತೆ’ ಎಂದರು, ಹನ್ನೊಂದಕ್ಕೆ ‘ಬಂದರೂ ಬರಬಹುದು’ ಎಂದರು, ಮಧ್ಯಾಹ್ನ ಎರಡಕ್ಕೆ ಹೇಳುವವರೂ ಊಟಕ್ಕೆ ಹೋದರು. ರೈಲಿಗೆ ಹೋಗೋಣವೆಂದರೆ ಅದು ಆಗಲೇ ಹೊರಟಾಗಿತ್ತು. ಮೂರಕ್ಕೆ ಮನೆಗೆ ವಾಪಸಾದಳು.

ಮರುದಿನ ಬಸ್ಸು ಬಂತು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ದಿನಗಳು. ಹಿಂಭಾಗದಲ್ಲಿ ಆಳೆತ್ತರದ ಡ್ರಮ್ಮು. ಅದರಲ್ಲಿ ಇದ್ದಿಲು ತುಂಬಿ ಕೆಂಡ ಮಾಡಿ, ಹಿಡಿ ತಿರುಗಿಸಿ ಗಾಳಿ ಊದಿ, ಗ್ಯಾಸು ಹುಟ್ಟಿದ ಮೇಲೆಯೇ ಇಂಜಿನ್ನು ಕೆಮ್ಮಿಕೊಂಡು ಏಳುತ್ತಿತ್ತು. ಏಳಕ್ಕೆ ಹೊರಡಬೇಕಾದದ್ದು ಎಂಟೂ ಇಪ್ಪತ್ತಕ್ಕೆ ಹೊರಟಿತು. ಹುಚ್ಚಮ್ಮನ ಸಟ್ಟುಗ ಕಾಲ ಬಳಿಯೂ ಹಿಡಿಸದೆ, ತಲೆಯ ಮೇಲೂ ಹಿಡಿಸದೆ, ಕೊನೆಗೆ ಕಿಟಕಿಯಿಂದ ಒಂದಡಿ ಹೊರಗೆ ನಿಂತಿತು.

“ಏನಕ್ಕ, ಹುಟ್ಟು ತಂದಿದೀರಿ, ದೋಣಿ ಎಲ್ಲಿ ಬಿಟ್ರಿ?” ಎಂದ ಕಂಡಕ್ಟರು.

“ನಿನ್ನ ಬಸ್ಸು ನಿಂತ್ರೆ ಮೀಟೋಕೆ ಬೇಕಾಗುತ್ತೆ ಅಂತ ತಂದೆ.”

ಬಸ್ಸೆಲ್ಲ ನಕ್ಕಿತು. ಮಾಚೇನಹಳ್ಳಿಯ ಏರಿನಲ್ಲಿ ಬಸ್ಸು ನಿಂತೂ ನಿಂತಿತು. ಗಂಡಸರು ಇಳಿದು ತಳ್ಳಿದರು, ಡ್ರಮ್ಮಿನ ಬೂದಿ ತೆಗೆದರು, ಮತ್ತೆ ಕೆಂಡ ಮಾಡಿದರು. ಒಂದು ಗಂಟೆ ನಲವತ್ತು ನಿಮಿಷ ಅಲ್ಲೇ ಕಳೆಯಿತು. ಹುಚ್ಚಮ್ಮ ಲೈನು ಮುಟ್ಟಿದಾಗ ಹನ್ನೊಂದು ಕಳೆದಿತ್ತು. ಹನ್ನೆರಡೂವರೆಗೆ ಎಲೆ ಹಾಕಬೇಕು.

ಅವಳ ಪುಣ್ಯಕ್ಕೆ ಹಿತ್ತಲಿನಲ್ಲಿ ಒಲೆ ಉರಿಯುತ್ತಿತ್ತು, ಕೊಪ್ಪರಿಗೆಯಲ್ಲಿ ನೀರು ಮರಳುತ್ತಿತ್ತು. ಒಲೆಯ ಮುಂದೆ ಇದ್ದವಳು ದುರ್ಗಮ್ಮ. ಲೈನಿನ ಆರು ಮನೆಗಳಲ್ಲಿ ಪಾತ್ರೆ ತೊಳೆದು ನೀರು ತುಂಬುತ್ತಿದ್ದ ಹೆಂಗಸು. ಗಂಡ ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳಿದ್ದರು.

ಕೊಪ್ಪರಿಗೆ ಕಬ್ಬಿಣದ್ದು, ಹೊಸ ಎರಕ. ತಾಮ್ರದ ದೊಡ್ಡ ಪಾತ್ರೆಗಳಿಗೆ ಕಲಾಯಿ ಹಾಕಲು ಯುದ್ಧದಿಂದಾಗಿ ತವರ ಸಿಗುತ್ತಿರಲಿಲ್ಲವೆಂದು ಕೃಷ್ಣಪ್ಪ ಅದನ್ನು ತಂದಿದ್ದ. ಹೊಸ ಕಬ್ಬಿಣದಲ್ಲಿ ಒಮ್ಮೆಲೇ ಅಡಿಗೆ ಮಾಡುವಂತಿಲ್ಲ, ಪಳಗಿಸಬೇಕು. ಆ ಕೆಲಸವನ್ನೂ ದುರ್ಗಮ್ಮನೇ ಮಾಡಿದ್ದಳು.

“ಬಂದ್ರಾ ಅಮ್ಮೋರೆ, ನಿಮ್ಮ ದಾರೀನೇ ನೋಡ್ತಿದ್ವಿ,” ಎಂದಳು. ಸಟ್ಟುಗದ ಕಡೆ ಕೈ ಚಾಚಿ, “ಕೊಡಿ, ಬಿಸಿನೀರಲ್ಲಿ ಒಂದ್ಸಲ ಕುದಿಸಿ ಕೊಡ್ತೀನಿ,” ಎಂದಳು.

ಬೇರೆ ದಿನವಾಗಿದ್ದರೆ ಹುಚ್ಚಮ್ಮನೇ ಅದನ್ನು ಮಾಡಿಸುತ್ತಿದ್ದಳು. “ಬೇಡ ಬೇಡ, ಹೊತ್ತಾಗಿದೆ,” ಎಂದಳು. “ಅದು ತೊಳೆದದ್ದೇ.”

ಅಕ್ಕಿ ಬಿತ್ತು. ತಿರುವಿದಳು. ಮುಚ್ಚಿ, ಹುಳಿಯ ಕಡೆ ನೋಡಿ, ಬಂದು ಮತ್ತೆ ತಿರುವಿದಳು. ಮೂರನೆಯ ಸಲ ಮುಚ್ಚಳ ತೆಗೆದಾಗ ಹಬೆ ಸರಿಯುವವರೆಗೆ ಕಾದು ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಅನ್ನ ಬೂದುಬಣ್ಣಕ್ಕೆ ತಿರುಗಿತ್ತು. ಬಸಿದ ಗಂಜಿ ಸ್ಲೇಟು ತೊಳೆದ ನೀರಿನಂತಿತ್ತು.

ಕೃಷ್ಣಪ್ಪನ ಅತ್ತೆ ಸಾವಿತ್ರಮ್ಮ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಬಂದವರು ಬಾಗಿಲಲ್ಲೇ ನಿಂತರು.

“ಅಯ್ಯೋ ಶಿವನೇ! ಇದೇನ್ರೀ ಇದು? ನಾಮಕರಣದ ದಿನ ಕರಿ ಅನ್ನ! ಕೊಪ್ಪರಿಗೆ ತೊಳೆದವರು ಯಾರು?”

“ದುರ್ಗಮ್ಮ,” ಎಂದಳು ಹುಚ್ಚಮ್ಮ.

ಅಷ್ಟೇ ಅವಳು ಆಡಿದ್ದು. ಸುಳ್ಳಲ್ಲ, ತೊಳೆದವಳು ದುರ್ಗಮ್ಮನೇ. ಮುಂದೆ ಎಷ್ಟೋ ದಿನ ಹುಚ್ಚಮ್ಮ ತನಗೆ ತಾನೇ ಹೇಳಿಕೊಂಡದ್ದು ಇದನ್ನೇ. ಆದರೆ ಆ ಹೆಸರು ಬಾಯಿಂದ ಹೊರಡುವಾಗ ಅವಳ ಕಣ್ಣು ಕೈಯಲ್ಲಿದ್ದ ಸಟ್ಟುಗದ ಮೇಲಿತ್ತು. ಬೆಳಿಗ್ಗೆ ಕೆಂಪಗಿದ್ದ ಅದರ ತುದಿ ಇದ್ದಿಲಿನಷ್ಟು ಕಪ್ಪಾಗಿತ್ತು. ಅದನ್ನು ಮೆಲ್ಲನೆ ಗೋಡೆಗೆ ಮುಖ ಮಾಡಿ ಒರಗಿಸಿದಳು.

“ಮೂರು ದಿನ ಪಳಗಿಸಿದೀನಿ ಅಮ್ಮೋರೆ,” ಎಂದಳು ದುರ್ಗಮ್ಮ. “ತೌಡು ಹಾಕಿ ಕುದಿಸಿದೀನಿ, ಎಣ್ಣೆ ಸವರಿ ಕಾಯಿಸಿದೀನಿ. ನಿನ್ನೆ ನಮ್ಮನೆ ಅಕ್ಕೀನೇ ಒಂದು ಹಿಡಿ ಹಾಕಿ ಗಂಜಿ ಕಾಯಿಸಿ ನೋಡ್ದೆ. ಮಲ್ಲಿಗೆ ಹಂಗೆ ಬೆಳ್ಳಗೆ ಬಂತು.”

“ಏನಂದೆ? ನಿಮ್ಮನೆ ಗಂಜೀನ?” ಎಂದರು ಸಾವಿತ್ರಮ್ಮ. “ನಾಮಕರಣಕ್ಕೆ ಅಂತ ತಂದ ಕೊಪ್ಪರಿಗೇಲಿ ಮೊದಲು ನಿಮ್ಮನೆ ಗಂಜಿ ಕಾಯಿಸಿದ್ಯಾ ನೀನು?”

ಯಾವ ಮಾತು ಅವಳ ಪರವಾಗಿ ನಿಲ್ಲಬೇಕಿತ್ತೋ ಅದೇ ಮಾತಿನಿಂದ ದುರ್ಗಮ್ಮ ಸಿಕ್ಕಿಬಿದ್ದಳು. ಅರವತ್ತು ಜನ ಅಕ್ಕಪಕ್ಕದ ಮನೆಗಳಲ್ಲಿ ಅವಸರವಾಗಿ ತಿರುವಿದ ರಾಗಿಮುದ್ದೆ ಉಂಡು, ಹೆಸರಿಟ್ಟ ಮಗುವಿನ ಮುಖವನ್ನು ಸರಿಯಾಗಿ ನೋಡದೆ ಎದ್ದು ಹೋದರು. ಅನ್ನವನ್ನು ಹೊಳೆಗೆ ಚೆಲ್ಲಿಸಬೇಕು ಎಂದರು ಸಾವಿತ್ರಮ್ಮ. “ಚೆಲ್ಲೋದಾದ್ರೆ ನಂಗೆ ಕೊಡಿ,” ಎಂದು ದುರ್ಗಮ್ಮ ಎರಡು ಕುಕ್ಕೆಯಲ್ಲಿ ತುಂಬಿಕೊಂಡು ಹೋದಳು.

ಯುಗಾದಿಗೆ ನಾಲ್ಕು ದಿನ ಇರುವಾಗ ಹುಚ್ಚಮ್ಮ ಮನೆಯ ಪಾತ್ರೆ ಪಡಗವನ್ನೆಲ್ಲ ಹೊರಗೆ ಹಾಕಿ ತೊಳೆದಳು. ಆ ಸಟ್ಟುಗವನ್ನು ಮರಳು ಹಾಕಿ ಉಜ್ಜಿದಳು. ತುದಿಯ ಕಪ್ಪು ಬಹುಮಟ್ಟಿಗೆ ಹೋಗಿ ಒಳಗಿನ ಕೆಂಪು ಕಂಡಿತು. ಹಸಿಯಾಗಿದ್ದ ಅದನ್ನು ಬೋರಲು ಹಾಕಿದ್ದ ಕಬ್ಬಿಣದ ಬಾಣಲೆಯ ಮೇಲೆ ಅಡ್ಡ ಇಟ್ಟು ಒಳಗೆ ಹೋದಳು. ಬೆಳಿಗ್ಗೆ ಎದ್ದು ಎತ್ತಿಕೊಂಡರೆ, ಕಬ್ಬಿಣ ತಾಗಿದ್ದ ಕಡೆ ಇದ್ದಿಲಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ.

ಅವಳು ಗೆರೆಯನ್ನು ನೋಡಿದಳು. ಆಮೇಲೆ ತನ್ನ ಹೆಬ್ಬೆರಳನ್ನು ನೋಡಿದಳು. ಅಡಿಕೆ ಸುಲಿಯುವ ಕಾಲದಲ್ಲಿ, ಕಬ್ಬಿಣದ ಕತ್ತಿ ಹಿಡಿದು ಕೂತ ಹೆಂಗಸರ ಕೈಯೆಲ್ಲ ಕಪ್ಪಾಗುವುದು ಯಾರಿಗೆ ಗೊತ್ತಿಲ್ಲ? ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದರೆ ಮಸಿ. ತಾಮ್ರದ ಹಂಡೆಯಲ್ಲಿ ನಲವತ್ತು ದಿನ ಕುದಿದರೂ ಕೆಂಪಗೇ ಇದ್ದದ್ದು ಕಬ್ಬಿಣದ ಕೊಪ್ಪರಿಗೆಯಲ್ಲಿ ಅರ್ಧ ಗಂಟೆಗೆ ಕಪ್ಪು. ಕೆಮಿಸ್ಟ್ರಿ ಓದಿದವರು ಇದಕ್ಕೆ ಬೇರೆ ಹೆಸರು ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಅವಳ ಉಗುರಿನ ಸಂದಿಯಲ್ಲಿ ಇದ್ದ ವಿಷಯ ಅದು.

ಆದರೂ ಪರೀಕ್ಷೆ ಮಾಡದೆ ಅವಳು ಒಪ್ಪಲಿಲ್ಲ. ಬಾಣಲೆಯಲ್ಲಿ ನೀರಿಟ್ಟು, ಒಂದು ಹಿಡಿ ಅಕ್ಕಿ ಹಾಕಿ, ಆಚಾರಿ ಕೊನೆಗೂ ಮಾಡಿಕೊಟ್ಟಿದ್ದ ಹೊಸ ಸಟ್ಟುಗದಲ್ಲಿ ತಿರುವಿದಳು. ಅನ್ನ ಬಿಳಿ. ಬಾಣಲೆ ತೊಳೆದು, ಅದೇ ನೀರು, ಅದೇ ಅಕ್ಕಿ, ಅಷ್ಟೇ ಹೊತ್ತು, ಹಳೆಯ ಸಟ್ಟುಗದಲ್ಲಿ ತಿರುವಿದಳು. ಅನ್ನ ಬೂದು.

ಭೈರಪ್ಪ ಬಂದು ಎರಡು ತಟ್ಟೆಗಳನ್ನೂ ನೋಡಿದ.

“ಬಿಟ್ಹಾಕು. ಯಾರು ಕೇಳ್ತಾರೆ ಈಗ? ಸಟ್ಟುಗ ಕೇಳಿದ್ದು ನಾನು, ಬಸ್ಸು ತಡ ಮಾಡಿದ್ದು ಬಸ್ಸಿನೋರು. ನಿಂದೇನು?”

ಅವಳು ಆ ಎರಡು ತಪ್ಪುಗಳನ್ನೂ ಬೇಕಾದಷ್ಟು ಸಲ ತೂಗಿ ನೋಡಿದ್ದಳು. ಭೈರಪ್ಪ ಕೇಳಿದ್ದು ನಿಜ, ಬಸ್ಸು ನಿಂತದ್ದು ನಿಜ. ಆದರೆ ‘ಬೇಡ, ಅದು ತೊಳೆದದ್ದೇ’ ಎಂದವಳು ಯಾರು? ‘ದುರ್ಗಮ್ಮ’ ಎಂದವಳು ಯಾರು? ಬೂದಿಬಣ್ಣದ ಅನ್ನವನ್ನು ಅವಳೇ ಉಂಡಳು. ನಾಲಿಗೆಗೆ ತೆಳುವಾಗಿ ಒಗರು ಹತ್ತಿತು.

ಯುಗಾದಿ ಕಳೆದ ಭಾನುವಾರ, ಸಟ್ಟುಗಕ್ಕೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಭದ್ರಾವತಿಗೆ ಹೊರಟಳು. ಹೇಳಿಬಿಡಬೇಕು ಎಂದೇ ಹೊರಟದ್ದು. ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಹೋಗುವಾಗ ಬಸ್ಸು ಎಲ್ಲೂ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತು ಎನಿಸಿತು.

ಮನೆ ಹೊಕ್ಕ ಕೂಡಲೆ ಕೃಷ್ಣಪ್ಪನ ಹೆಂಡತಿ ಪುಟ್ಟಲಕ್ಷ್ಮಿ ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಸಾವಿತ್ರಮ್ಮ ಇನ್ನೂ ಅಲ್ಲೇ ಇದ್ದರು.

“ದುರ್ಗಮ್ಮ ಎಲ್ಲಿ? ಕಾಣ್ಲಿಲ್ಲ,” ಎಂದಳು ಹುಚ್ಚಮ್ಮ.

“ಅವತ್ತೇ ಬಿಡಿಸಿಬಿಟ್ವಿ ಅಕ್ಕ,” ಎಂದಳು ಪುಟ್ಟಲಕ್ಷ್ಮಿ. “ನಾವು ಬಿಡಿಸಿದ್ದು ನೋಡಿ ಉಳಿದ ಐದು ಮನೆಯೋರೂ ಬಿಡಿಸಿದ್ರು. ಕರಿ ಅನ್ನದ ದುರ್ಗಿ ಅಂತಾನೇ ಹೆಸರು ಬಿತ್ತು.”

“ಮಗೂಗೆ ಕೆಮ್ಮು ಬಂದಿದ್ದೂ ಅದರಿಂದ್ಲೇ,” ಎಂದರು ಸಾವಿತ್ರಮ್ಮ. “ನಿಮ್ಮ ಕೈ ಅಡಿಗೆ ಯಾವತ್ತಾದ್ರೂ ಕೆಟ್ಟಿದ್ದುಂಟಾ ಹುಚ್ಚಮ್ಮನೋರೆ? ನಿಮ್ಮಂಥವರ ಹೆಸರಿಗೇ ಮಸಿ ಬಳಿದ್ಲಲ್ಲ ಅವಳು! ಅದೇನು, ಸಟ್ಟುಗ ತಂದ್ರಾ? ಇಲ್ಲಿ ಯಾರ ಮನೇಲಿ ಅಡಿಗೆ?”

ಬಟ್ಟೆಯ ಗಂಟು ಮಡಿಲ ಪಕ್ಕದಲ್ಲೇ ಇತ್ತು. ಬಿಚ್ಚಲು ಒಂದು ನಿಮಿಷ ಸಾಕು.

“ಇಲ್ಲ,” ಎಂದಳು ಹುಚ್ಚಮ್ಮ. “ಹಿಡಿ ಅಲ್ಲಾಡ್ತಿತ್ತು. ಆಚಾರಿಗೆ ತೋರಿಸೋಣ ಅಂತ.”

ಶಿವಮೊಗ್ಗದಲ್ಲಿ ಆಚಾರಿಗಳಿಲ್ಲವೇ ಎಂದು ಯಾರೂ ಕೇಳಲಿಲ್ಲ. ಅವಳ ಮಾತನ್ನು ಯಾರೂ ಎಂದೂ ಅನುಮಾನಿಸಿ ಕೇಳಿದವರಲ್ಲ. ಒಬ್ಬಟ್ಟು ಬಡಿಸಿದರು. ಅವಳು ಎರಡು ತಿಂದಳು. ಮೂರಕ್ಕೆ ಗಂಟನ್ನು ಹಾಗೇ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿಯ ಪಕ್ಕ ಕೂತಳು.

ಬಸ್ಸಿನ ಹಿಂದೆ ಚೀಲ ಇಳಿಸಿದ ಸದ್ದಾಯಿತು. ತಲೆಯ ಮೇಲಿಂದ ಇದ್ದಿಲ ಚೀಲ ಇಳಿಸಿ, ಕುಕ್ಕೆಯಲ್ಲಿ ಮೊಗೆದು ಡ್ರಮ್ಮಿಗೆ ಸುರಿಯುತ್ತಿದ್ದ ಹೆಂಗಸು ದುರ್ಗಮ್ಮ. ಮುಖ, ಕತ್ತು, ಮೊಣಕೈವರೆಗೆ ಕೈ, ಎಲ್ಲ ಕಪ್ಪು. ಹುಚ್ಚಮ್ಮ ಒಳಗೆ ಸರಿದು ಕೂರುವ ಮೊದಲೇ ಅವಳು ನೋಡಿಬಿಟ್ಟಿದ್ದಳು.

“ಊರಿಗೆ ಹೊರಟ್ರಾ ಅಮ್ಮೋರೆ? ಮಗು ಹೆಂಗಿದೆ?”

“ಚೆನ್ನಾಗಿದೆ.”

“ಕೆಮ್ಮು ಅಂತಿದ್ರು. ಹಿಪ್ಪಲಿ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸೋಕೆ ಹೇಳಿ.”

“ಹೂಂ,” ಎಂದಳು ಹುಚ್ಚಮ್ಮ. ಇಂಜಿನ್ನು ಕೆಮ್ಮಿ ಎದ್ದಿತು. ದುರ್ಗಮ್ಮ ತುಂಬಿದ ಇದ್ದಿಲಿನ ಮೇಲೆ ಬಸ್ಸು ಹೊರಟಿತು.

ಹುಚ್ಚಮ್ಮನಿಗೆ ಕೂತ ಸೀಟೇ ಸುಡುವಂತಾಯಿತು. ದುರ್ಗಮ್ಮ ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸಟ್ಟುಗವನ್ನು ಹಿಂದಕ್ಕೂ ಮುಂದಕ್ಕೂ ಹೊತ್ತು ತಿರುಗುತ್ತಿದ್ದೇನೆ, ಬಿಚ್ಚುವ ಧೈರ್ಯ ಮಾತ್ರ ಇಲ್ಲ. ‘ಉಪ್ಪು ಹಾಕಿದೆ’ ಎಂದು ಬಾಯಿ ಬಿಟ್ಟು ಹೇಳದ ಹುಡುಗಿಯರನ್ನು ಎಷ್ಟು ಮದುವೆಮನೆಗಳಲ್ಲಿ ಗದರಿಸಿದ್ದೇನೆ ಎಂದು ನೆನಪಾಗಿ ಕಿವಿ ಬಿಸಿಯಾಯಿತು.

ಎರಡನೆಯ ಮೈಲಿಗಲ್ಲಿನ ಬಳಿ ಬಸ್ಸು ನಿಂತಿತು. ಎಲ್ಲರೂ ಗೊಣಗುತ್ತ ಇಳಿದರು. ಬೂದಿ ತೆಗೆಯುವ ಕೆಲಸ ಶುರುವಾಯಿತು. ಹುಚ್ಚಮ್ಮ ಗಂಟು ಹಿಡಿದು ಇಳಿದು, ಬಂದ ದಾರಿಯಲ್ಲೇ ನಡೆಯತೊಡಗಿದಳು.

“ಅಕ್ಕಾ, ಆ ಕಡೆ ಭದ್ರಾವತಿ!” ಎಂದು ಅವತ್ತಿನ ಅದೇ ಕಂಡಕ್ಟರು ಕೂಗಿದ. “ಮೀಟೋಕೆ ಅಂತ ತಂದೋರು ಈಗ ಬಿಟ್ಟು ಹೋಗ್ತಿದೀರಲ್ಲ!”

ಅವಳು ತಿರುಗಲಿಲ್ಲ. ಎರಡು ಮೈಲಿ, ಬಿಸಿಲು, ಬರಿಗಾಲು. ಸ್ಟ್ಯಾಂಡಿನಲ್ಲಿ ದುರ್ಗಮ್ಮ ಮುಂದಿನ ಬಸ್ಸಿಗೆ ಚೀಲ ಹೊಲಿಯುತ್ತ ಕೂತಿದ್ದಳು. ಹುಚ್ಚಮ್ಮ ಅವಳೆದುರು ನಿಂತು, ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ಬಟ್ಟೆ ಬಿಚ್ಚಿದಳು.

“ಅನ್ನ ಕಪ್ಪಾಗಿದ್ದು ಇದರಿಂದ. ಕೊಪ್ಪರಿಗೆಯಿಂದ ಅಲ್ಲ. ಇದು ನಲವತ್ತು ದಿನ ಚೊಗರಲ್ಲಿ ಬಿದ್ದಿತ್ತು. ನಾನೇ ಕೊಟ್ಟಿದ್ದು.”

ದುರ್ಗಮ್ಮ ಸಟ್ಟುಗ ನೋಡಿದಳು. ಸೂಜಿಯನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿದಳು.

“ನಂಗೆ ಗೊತ್ತು ಅಮ್ಮೋರೆ.”

“ಗೊತ್ತಾ?”

“ಆ ಅನ್ನ ಮನೇಗೆ ತಗೊಂಡ್ಹೋಗಿ ಉಂಡ್ವಲ್ಲ. ಮೊದಲ್ನೇ ತುತ್ತಿಗೇ ಒಗರು, ಅಡಿಕೆ ಅಗಿದ ಹಂಗೆ. ಅಡಿಕೆ ಸುಲಿಯೋಕೆ ನಾನೂ ಹೋಗಿದೀನಿ. ಸಟ್ಟುಗ ನಿಮ್ಮ ಕೈಯಲ್ಲಿ ಕೆಂಪಗಿತ್ತು. ನೋಡಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ?” ದುರ್ಗಮ್ಮನಿಗೆ ನಗು ಬಂತು, ಕೋಪದ ನಗುವಲ್ಲ. “ನಮ್ಮನೆ ಗಂಜಿ ವಿಷಯ ಹೇಳಿದ್ದಕ್ಕೇ ಏನಾಯ್ತು ನೋಡಿದ್ರಲ್ಲ. ಈಗ ನಂಗೆ ಬಂದು ಹೇಳ್ತಿದೀರಿ. ನಂಗೆ ಗೊತ್ತಿರೋದನ್ನ ನಂಗೇ ಹೇಳಿದ್ರೆ ಏನು ಬಂತು? ಗೊತ್ತಿಲ್ದೆ ಇರೋದು ಲೈನಿನೋರಿಗೆ.”

ಹುಚ್ಚಮ್ಮ ಕಾಲಬೆರಳು ನೋಡುತ್ತ ನಿಂತಳು. ದುರ್ಗಮ್ಮ ಹೇಳಿದ್ದು ಸರಿ. ಸ್ಟ್ಯಾಂಡಿನಲ್ಲಿ ಒಬ್ಬಳ ಮುಂದೆ ಹೇಳುವುದು ಸುಲಭದ ಅರ್ಧ. ಆ ಅರ್ಧವನ್ನಷ್ಟೇ ಮುಗಿಸಿ ಸಂಜೆಯ ಬಸ್ಸು ಹತ್ತಬಹುದು ಎಂದು ಮನಸ್ಸಿನ ಯಾವುದೋ ಮೂಲೆ ಆಗಲೇ ಲೆಕ್ಕ ಹಾಕಿತ್ತು. ಅದಕ್ಕೂ ನಾಚಿಕೆಯಾಯಿತು.

“ನಡಿ,” ಎಂದಳು. “ನೀನೂ ಬಾ.”

ಲೈನಿನ ನಲ್ಲಿಗೆ ನೀರು ಬಿಡುವುದು ಸಂಜೆ ಐದಕ್ಕೆ. ಕೊಡಗಳು ಸಾಲಾಗಿ ನಿಂತಿದ್ದವು, ಹದಿನೈದಿಪ್ಪತ್ತು ಹೆಂಗಸರಿದ್ದರು. ಹುಚ್ಚಮ್ಮ ಕೃಷ್ಣಪ್ಪನ ಹಿತ್ತಲಿನಿಂದ ಕೊಪ್ಪರಿಗೆಯನ್ನು ತಾನೇ ಉರುಳಿಸಿಕೊಂಡು ಬಂದಳು. ಮೂರು ಕಲ್ಲಿಟ್ಟು, ಎರಡು ಕೊಡ ನೀರು ಸುರಿದು, ಬೆಂಕಿ ಹಚ್ಚಿದಳು.

“ಏನಕ್ಕ ಇದು, ಊರಿಗೆ ಹೋಗ್ಲಿಲ್ವಾ?” ಎಂದು ಕೃಷ್ಣಪ್ಪ ಹೊರಗೆ ಬಂದ. ಅವನ ಹಿಂದೆ ಪುಟ್ಟಲಕ್ಷ್ಮಿ, ಅವಳ ಹಿಂದೆ ಸಾವಿತ್ರಮ್ಮ.

ನೀರು ಮರಳಿತು. “ಎಲ್ಲರೂ ಬಂದು ನೋಡಿ. ನೀರು ತಿಳಿಯಾಗಿದೆಯಾ?” ಎಂದಳು ಹುಚ್ಚಮ್ಮ. ಹೆಂಗಸರು ಬಗ್ಗಿ ನೋಡಿದರು. ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಸಟ್ಟುಗ ಅದ್ದಿ ತಿರುವಿದಳು. ಮೊದಲು ಹೊಗೆಯಂಥ ಒಂದು ಎಳೆ ಬಿಟ್ಟಿತು. ಆಮೇಲೆ ನೀರೆಲ್ಲ ಮಸುಕಾಯಿತು. ಹತ್ತು ನಿಮಿಷಕ್ಕೆ ತಳ ಮುಚ್ಚಿ ನೀಲಿಗಪ್ಪಾಯಿತು.

“ಅವತ್ತು ಅನ್ನ ಕೆಡಿಸಿದ್ದು ನಾನು. ಈ ಸಟ್ಟುಗಾನ ಅಡಿಕೆ ಬೇಯಿಸೋಕೆ ಕೊಟ್ಟಿದ್ದೆ. ಕುದಿಸಿ ಕೊಡ್ತೀನಿ ಅಂತ ದುರ್ಗಮ್ಮ ಕೇಳಿದ್ಲು, ನಾನು ಬೇಡ ಅಂದೆ. ಆಮೇಲೆ ಅವಳ ಹೆಸರು ಹೇಳ್ದೆ. ಅವಳ ತಪ್ಪು ಏನೂ ಇಲ್ಲ.”

ಕೃಷ್ಣಪ್ಪ ಅತ್ತ ಮುಖ ತಿರುಗಿಸಿದ. ನಲ್ಲಿಯ ನೀರು ತುಂಬಿದ ಕೊಡದಿಂದ ಹೊರಚೆಲ್ಲುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

ಮೊದಲು ಮಾತಾಡಿದವರು ಸಾವಿತ್ರಮ್ಮ. “ಹೋಗ್ಲಿ ಬಿಡಿ ಹುಚ್ಚಮ್ಮನೋರೆ. ದೊಡ್ಡ ಅಡಿಗೆ ಅಂದ್ಮೇಲೆ ಒಂದು ಹೆಚ್ಚು ಒಂದು ಕಡಿಮೆ. ಬಸ್ಸು ಬೇರೆ ತಡ ಆಗಿತ್ತು. ಯಾರು ತಾನೇ ಬೇಕೂಂತ ಮಾಡ್ತಾರೆ? ಒಳಗೆ ಬನ್ನಿ, ಬೀದೀಲಿ ಯಾಕೆ.”

“ಹೌದಕ್ಕ, ಬನ್ನಿ,” ಎಂದಳು ಪುಟ್ಟಲಕ್ಷ್ಮಿ.

ಹುಚ್ಚಮ್ಮ ಬಯ್ಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಇಷ್ಟು ಸುಲಭದ ಕ್ಷಮೆಗೆ ಸಿದ್ಧಳಾಗಿರಲಿಲ್ಲ. ಅದೇ ಕೊಪ್ಪರಿಗೆ, ಅದೇ ಅನ್ನ, ಅದೇ ಹನ್ನೆರಡು ಸೇರು. ದುರ್ಗಮ್ಮನ ತಪ್ಪು ಎಂದಾಗ ಆರು ಮನೆ ಹೋಯಿತು, ಹೆಸರು ಹೋಯಿತು. ತನ್ನ ತಪ್ಪು ಎಂದಾಗ ‘ಹೋಗ್ಲಿ ಬಿಡಿ’. ಆವರೆಗಿನ ಎಲ್ಲ ನಾಚಿಕೆಗಿಂತ ಇದು ಹೆಚ್ಚಾಗಿ ಕಚ್ಚಿತು. ದುರ್ಗಮ್ಮನ ಕಡೆ ನೋಡಲಾಗಲಿಲ್ಲ.

“ನಾಳೆಯಿಂದ ಬಾರೆ ದುರ್ಗಮ್ಮ,” ಎಂದು ಐದನೇ ಮನೆಯವಳೊಬ್ಬಳು ಕೊಡ ಎತ್ತಿಕೊಳ್ಳುತ್ತ ಹೇಳಿದಳು.

“ಯೋಚನೆ ಮಾಡ್ತೀನಿ ಕಣವ್ವ,” ಎಂದಳು ದುರ್ಗಮ್ಮ. “ಇದ್ದಿಲ ಕೆಲಸದಲ್ಲಿ ಮೈ ಕಪ್ಪಾಗುತ್ತೆ, ಅಷ್ಟೇ. ಗಂಜಿ ಲೆಕ್ಕ ಯಾರೂ ಕೇಳಲ್ಲ.”

ಕೆಲವರು ನಕ್ಕರು. ಕೆಲವರಿಗೆ ನಗಲಾಗಲಿಲ್ಲ. ಒಬ್ಬೊಬ್ಬರಾಗಿ ಕೊಡ ಹೊತ್ತು ಚದುರಿದರು. ದುರ್ಗಮ್ಮ ಸೆರಗು ಸಿಕ್ಕಿಸಿ, ಅಭ್ಯಾಸ ಬಲದಿಂದ, ಕೊಪ್ಪರಿಗೆಯ ಕಿವಿಗೆ ಕೈ ಹಾಕಿದಳು. ಹುಚ್ಚಮ್ಮ ಅವಳ ಕೈ ಸರಿಸಿದಳು.

“ಬಿಡು. ನಾನು ತೊಳೀತೀನಿ.”

“ನಿಮ್ಮ ಕೈಲಿ ಆಗಲ್ಲ ಅಮ್ಮೋರೆ, ಭಾರ.”

“ಬಿಡು ಅಂದೆ.”

ಕಪ್ಪು ನೀರನ್ನು ಚರಂಡಿಗೆ ಬಗ್ಗಿಸಿದಳು. ಸಟ್ಟುಗವನ್ನು ಉರಿಯುತ್ತಿದ್ದ ಸೌದೆಯ ಮೇಲೆ ಹಾಕಿದಳು. ಹಲಸಿನ ಮರ, ಹಸಿಯಾಗಿತ್ತು, ಹೊಗೆಯಾಡಿತೇ ಹೊರತು ಉರಿಯಲು ಬಹಳ ಹೊತ್ತು ಬೇಕಾಯಿತು. ತೆಂಗಿನ ನಾರು, ಬೂದಿ ಹಿಡಿದು ಕೊಪ್ಪರಿಗೆಯೊಳಗೆ ಸೊಂಟದವರೆಗೆ ಬಗ್ಗಿ ಉಜ್ಜಿದಳು. ಎರಡು ಸಲ ನೀರು ಹಾಕಿ ತೊಳೆದು, ಬೆನ್ನು ನೆಟ್ಟಗೆ ಮಾಡಿ ನಿಂತಳು. ಕೈ ಮೊಣಕೈವರೆಗೆ ಕಪ್ಪಾಗಿತ್ತು.

ದುರ್ಗಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಬಗ್ಗಿ, ಕೊಪ್ಪರಿಗೆಯ ಒಳಗೆ ಒಂದು ಬೆರಳು ಎಳೆದು, ಬೆರಳನ್ನು ಹುಚ್ಚಮ್ಮನ ಮುಂದೆ ಹಿಡಿದಳು.

“ಅಂಚಿನ ಕೆಳಗೆ ಇನ್ನೂ ಇದೆ.”

ಹುಚ್ಚಮ್ಮ ಮತ್ತೆ ಬಗ್ಗಿದಳು.